ಮನೆಗೆ ಬಂದ ಕರಡಿ

“ಒಂದು ಕರಡು ಯಂತ್ರ ತಗೊಂಡಿದೀನಿ ಕಣೇ, ಸಂಜೆ ಮನೆಗೆ ಬರುತ್ತೆ” ಎಂದು ಹೆಂಡತಿಗೆ ಫೋನ್ ಮಾಡಿದೆ. ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಬಾರಿಸುತ್ತಿತ್ತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಕರಡೀನಾ? ಎಲ್ಲಿ ಕಟ್ಟಿಹಾಕ್ತೀರಿ?” ಎಂದಳು.

ಕರಡಿ ಅಲ್ಲ ಮಾರಾಯ್ತಿ, ಕರಡು, ತಪ್ಪು ತಿದ್ದಲೆಂದು ಮೊದಲು ತೆಗೆಯುವ ಪ್ರತಿ ಎಂದು ಬಿಡಿಸಿ ಹೇಳಿದೆ. ತಿದ್ದುವುದೇ ನನ್ನ ಹೊಟ್ಟೆಪಾಡು. ಬೇರೆಯವರು ಬರೆದದ್ದರಲ್ಲಿ ಬಿಟ್ಟುಹೋದ ಒತ್ತು, ಎಳೆಯದ ದೀರ್ಘ, ಉಸಿರು ನಿಂತ ಮಹಾಪ್ರಾಣ ಎಲ್ಲ ಹುಡುಕಿ ಕೊಡುತ್ತೇನೆ. ಈಗ ಕರಡು ಕಂಪ್ಯೂಟರಿನಲ್ಲೇ ಬರುತ್ತದೆ. ಅಚ್ಚುಮೊಳೆಯ, ಅಂದರೆ ಅಕ್ಷರ ಕೆತ್ತಿದ ಸೀಸದ ತುಂಡುಗಳ ಕಾಲದಲ್ಲಿ ಅದನ್ನು ಹೇಗೆ ತೆಗೆಯುತ್ತಿದ್ದರು ಎಂದು ಒಮ್ಮೆಯಾದರೂ ಕೈಯಾರೆ ನೋಡಬೇಕು ಅನ್ನುವ ಆಸೆ. ಆಸೆಗೆ ತೂಕ ಇರುತ್ತದೆ ಎಂದು ಗೊತ್ತಿರಲಿಲ್ಲ. ನಾಲ್ಕು ಜನ ಏದುಸಿರು ಬಿಡುತ್ತಾ ಹೊತ್ತು ತಂದರು. ಅವರಲ್ಲೊಬ್ಬ ಬೆವರು ಒರೆಸಿಕೊಂಡು, “ಇದೇನು ಮಾಡುತ್ತೆ ಸಾರ್?” ಎಂದು ಕೇಳಿದ. “ತಪ್ಪು ತೋರಿಸುತ್ತೆ” ಎಂದೆ. ಅವನು ಯಂತ್ರವನ್ನೂ ನನ್ನನ್ನೂ ನೋಡಿದ. “ಇಷ್ಟೊಂದು ತಪ್ಪು ಮಾಡ್ತೀರಾ?”

ಕರಡು ಯಂತ್ರದಲ್ಲಿ ಜಾಸ್ತಿ ಕಸರತ್ತೇನಿಲ್ಲ. ಕಬ್ಬಿಣದ ಒಂದು ಹಾಸು. ಅದರ ಮೇಲೆ ಉರುಳುವ ಭಾರದ ಸಿಲಿಂಡರ್. ಜೋಡಿಸಿದ ಮೊಳೆಗಳನ್ನು ಹಾಸಿನ ಮೇಲಿಟ್ಟು, ಮಸಿ ಹಚ್ಚಿ, ಕಾಗದ ಹಾಸಿ, ಸಿಲಿಂಡರ್ ಉರುಳಿಸಿದರೆ ಒಂದು ಪ್ರತಿ ಸಿಗುತ್ತದೆ. ಅದನ್ನು ಓದಿ, ತಪ್ಪು ತಿದ್ದಿ, ಆಮೇಲೆ ದೊಡ್ಡ ಯಂತ್ರದಲ್ಲಿ ಸಾವಿರಗಟ್ಟಲೆ ಅಚ್ಚು ಹಾಕುತ್ತಿದ್ದರು. ಯಂತ್ರ ಇಲ್ಲದವರು ಮಸಿ ಹಚ್ಚಿದ ಮೊಳೆಯ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಕರಡು ತೆಗೆಯುತ್ತಿದ್ದರು. ನಾನೂ ಒಂದು ಬ್ರಷ್ ಕೊಂಡು ಸುಮ್ನೆ ಇರಬಹುದಿತ್ತು.

ಶಿಕಾಗೋದಲ್ಲಿ 1909ರಲ್ಲಿ ಶುರುವಾದ ವ್ಯಾಂಡರ್‌ಕುಕ್ ಕಂಪನಿಯ ಕರಡು ಯಂತ್ರಗಳಿಗೆ ಈಗಲೂ ಎಲ್ಲಿಲ್ಲದ ಗೌರವ. ಪರೀಕ್ಷೆಗೆಂದು ಹುಟ್ಟಿದ ಯಂತ್ರದಲ್ಲಿ ಈಗ ಕಲಾವಿದರು ಅಸಲಿ ಕೃತಿಗಳನ್ನೇ ಅಚ್ಚು ಹಾಕುತ್ತಾರೆ. ನನ್ನದಕ್ಕೆ ಹೆಸರಿನ ಫಲಕವೇ ಇಲ್ಲ. ಇದ್ದ ಜಾಗದಲ್ಲಿ ಎರಡು ತೂತು ಮಾತ್ರ. ಮಗಳು ಆ ತೂತುಗಳ ಕೆಳಗೆ ಸೀಮೆಸುಣ್ಣದಲ್ಲಿ ‘ಕರಡಿ’ ಎಂದು ಬರೆದಳು. ತಿದ್ದಲು ಹೋದೆ. “ಎರಡು ಕಣ್ಣೂ ಇದೆ, ಇರಲಿ ಬಿಡಪ್ಪಾ” ಎಂದಳು.

ಯಂತ್ರದ ಹಿಂದೆಯೇ ಅದರ ಬಳಗವೂ ಬಂತು. ಮೊಳೆ ಇಡುವ ಖಾನೆಗಳ ಕೇಸು, ಸಾಲು ಜೋಡಿಸುವ ಕಾಂಪೋಸಿಂಗ್ ಸ್ಟಿಕ್, ಗ್ಯಾಲಿ, ಮಸಿ ಹಚ್ಚುವ ರೋಲರ್. “ಇನ್ನು ಫರ್ನಿಚರ್ ಒಂದು ಬಂದರೆ ಆಯ್ತು” ಎಂದು ಬಾಯಿತಪ್ಪಿ ಹೇಳಿದ್ದೆ. ಹೆಂಡತಿ ಖುಷಿಯಾಗಿ ಹಾಲಿನ ಮೂಲೆ ಖಾಲಿ ಮಾಡಿಸಿದಳು. ಬಂದದ್ದು ಒಂದು ರಟ್ಟಿನ ಡಬ್ಬಿ. ಒಳಗೆ ಮರದ ತುಂಡುಗಳು. ಮೊಳೆಗಳ ಸುತ್ತ ಖಾಲಿ ಜಾಗ ತುಂಬುವ ಈ ತುಂಡುಗಳಿಗೇ ಅಚ್ಚಿನ ಮನೆಯಲ್ಲಿ ಫರ್ನಿಚರ್ ಅನ್ನುತ್ತಾರೆ. ಹಾಲಿನ ಮೂಲೆ ಇನ್ನೂ ಖಾಲಿ ಇದೆ. ನಾನು ಆ ಕಡೆ ನೋಡುವುದಿಲ್ಲ.

ಅಭ್ಯಾಸಕ್ಕೆಂದು ಒಂದು ಪುಟ ಜೋಡಿಸಿದೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಒಂದು ಪುಟಕ್ಕೆ ಮೂರು ಸಂಜೆ ಹಿಡಿಯಿತು. ಕೊನೆಗೆ ಎಲ್ಲವನ್ನೂ ಗ್ಯಾಲಿಗೆ ಜಾರಿಸಿದೆ. ಗ್ಯಾಲಿ ಅಂದರೆ ಲೋಹದ ತಟ್ಟೆ. ಮೂರು ಕಡೆ ಅಂಚು, ಒಂದು ಕಡೆ ಬಾಗಿಲಿಲ್ಲದ ಮನೆ. ಮೊಳೆ ಜಾರಿಸಿಕೊಳ್ಳಲು ಅನುಕೂಲ ಆಗಲಿ ಎಂದು ಹಾಗೆ ಮಾಡಿರುತ್ತಾರೆ. ಮೊಳೆಗಳ ಸುತ್ತ ದಾರ ಸುತ್ತಿ ಬಿಗಿದು ಕಟ್ಟಬೇಕು, ಆಮೇಲೆ ಎತ್ತಬೇಕು. ನಾನು ಮೊದಲು ಎತ್ತಿದೆ. ದಾರ ಎಲ್ಲಿದೆ ಎಂದು ನೋಡಲು ಬಗ್ಗಿದೆ. ತಟ್ಟೆಯೂ ನನ್ನ ಜೊತೆ ಬಗ್ಗಿತು.

ಸೀಸದ ಮೊಳೆಗಳು ನೆಲಕ್ಕೆ ಬೀಳುವ ಸದ್ದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಧಡಾರ್. ಆಮೇಲೆ ಚಿಲಿಪಿಲಿ. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಸೋಫಾದ ಕೆಳಗೆ ಒಂದೇ ಒಂದು ಮೊಳೆ ಉರುಳುವ ಸದ್ದು. ವಾರದವರೆಗೂ ಸಿಗುತ್ತಲೇ ಇದ್ದವು. ಚಪ್ಪಲಿಯಲ್ಲಿ ಒಂದು ಅರ್ಕಾವತ್ತು. ವಾಷಿಂಗ್ ಮೆಷಿನ್ನಿನಲ್ಲಿ ಎರಡು ಪೂರ್ಣವಿರಾಮ. ಳ ಒತ್ತು ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ. ಹಾಗಾಗಿ ನಾನು ಏನು ಜೋಡಿಸಿದರೂ ಅದರಲ್ಲಿ ಯಾವುದೂ ‘ಒಳ್ಳೆಯದು’ ಇರುವುದಿಲ್ಲ, ಎಲ್ಲ ‘ಚೆನ್ನಾಗಿ’ ಇರುತ್ತದೆ.

ಬಿದ್ದ ಮೊಳೆಗಳನ್ನು ಆರಿಸಿ ಕೇಸಿನ ಅವುಗಳದೇ ಖಾನೆಗೆ ಹಾಕಲು ಮಗಳು ಕೂತಳು. ಪಾಪ, ತಿರುಗುಮುರುಗು ಅಕ್ಷರ. “ಅಪ್ಪಾ, ಇದು ಡು ತಾನೇ?” ಎಂದು ಒಂದು ಸಲ ಕೇಳಿದ ನೆನಪು. ನಾನು ಸೋಫಾದ ಕೆಳಗೆ ತಲೆ ತೂರಿಸಿಕೊಂಡಿದ್ದೆ. ಅಲ್ಲಿಂದಲೇ “ಹೂಂ” ಎಂದೆ.

ಇನ್ನು ದೊಡ್ಡ ಪುಟದ ಸಹವಾಸ ಬೇಡ, ಒಂದು ವಿಸಿಟಿಂಗ್ ಕಾರ್ಡ್ ಸಾಕು ಅನ್ನಿಸಿತು. ಮೇಲೆ ನನ್ನ ಹೆಸರು. ಕೆಳಗೆ ಉದ್ದಕ್ಕೆ ‘ಕರಡು ತಿದ್ದಿಕೊಡಲಾಗುತ್ತದೆ’. ಈ ಸಲ ದಾರ ಕಟ್ಟಿದೆ. ಮಸಿ ಹಚ್ಚಿದೆ. ತಟ್ಟೆಯ ತಂಟೆಯೇ ಬೇಡ ಎಂದು ಮೊಳೆಗಳನ್ನು ನೇರವಾಗಿ ಹಾಸಿನ ಮೇಲಿಟ್ಟೆ. ಸಿಲಿಂಡರ್ ಉರುಳಿಸಿದೆ. ಕಾಗದ ಎತ್ತಿ ನೋಡಿದರೆ ಬೆಳ್ಳಗೆ. ಒಂದು ಚುಕ್ಕೆಯೂ ಇಲ್ಲ. ತಪ್ಪೇ ಇಲ್ಲದ ಕರಡನ್ನು ನನ್ನ ವೃತ್ತಿಯಲ್ಲಿ ಅವತ್ತೇ ಮೊದಲು ನೋಡಿದ್ದು.

ಕಾರಣ ಆಮೇಲೆ ತಿಳಿಯಿತು. ಇಂಗ್ಲಿಷ್ ಮತ್ತು ಅಮೆರಿಕನ್ ಅಳತೆಯಲ್ಲಿ ಅಚ್ಚುಮೊಳೆಯ ಎತ್ತರ 0.918 ಇಂಚು, ಅಂದರೆ 23.3 ಮಿಲಿಮೀಟರ್. ಕೂದಲೆಳೆ ಆಚೀಚೆ ಆದರೂ ಅಚ್ಚು ಕೆಡುತ್ತದೆ. ಆದರೆ ಗ್ಯಾಲಿ ಸಮೇತ ಕರಡು ತೆಗೆಯಲೆಂದೇ ಮಾಡಿದ ಯಂತ್ರಗಳೂ ಇವೆ. ನನ್ನದೂ ಅಂಥದ್ದೇ. ಅವುಗಳ ಹಾಸು ತಟ್ಟೆಯ ದಪ್ಪದಷ್ಟು, ಸುಮಾರು 0.05 ಇಂಚು, ತಗ್ಗಿನಲ್ಲಿರುತ್ತದೆ. ತಟ್ಟೆ ಬಿಟ್ಟು ಮೊಳೆ ಇಟ್ಟರೆ ಸಿಲಿಂಡರ್ ಅದಕ್ಕೆ ತಾಗದೆ ಮೇಲಿನಿಂದಲೇ ಹಾದುಹೋಗುತ್ತದೆ. ತಟ್ಟೆ ಇಡದಿದ್ದರೆ ಅಷ್ಟೇ ದಪ್ಪದ ಉಕ್ಕಿನ ಹಾಳೆ ಕೆಳಗೆ ಹಾಕಬೇಕು. ಉಕ್ಕಿನ ಹಾಳೆ ನನ್ನ ಹತ್ತಿರ ಎಲ್ಲಿಂದ ಬರಬೇಕು? ಫರ್ನಿಚರ್ ಬಂದಿದ್ದ ರಟ್ಟಿನ ಡಬ್ಬಿ ಇತ್ತು. ಕತ್ತರಿಸಿ ಹಾಸಿದೆ. ಕರಡು ಮುದ್ದಾಗಿ ಬಂತು. ಎರಡು ಸಲ ಓದಿದೆ. ಹಿಂದಿನಿಂದ ಮುಂದಕ್ಕೂ ಓದಿದೆ. ಒಂದೂ ತಪ್ಪಿಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ತೋರಿಸಲು ಓಡಾಡಿದ ದಾರಿಯುದ್ದಕ್ಕೂ, ಸ್ವಿಚ್ಚು, ಫ್ರಿಜ್ಜಿನ ಬಾಗಿಲು, ಮಗಳ ಕೆನ್ನೆ, ಎಲ್ಲ ಕಡೆ ನನ್ನ ಹೆಬ್ಬೆಟ್ಟಿನ ಅಚ್ಚು ಅದಕ್ಕಿಂತ ಸ್ಪಷ್ಟವಾಗಿ ಮೂಡಿತ್ತು. ಬೇಗ ಒಣಗದ ಮಸಿ ಕೊಡಿ ಎಂದು ನಾನೇ ಕೇಳಿ ತಂದಿದ್ದೆ.

ಮಾರನೆ ದಿನ ಬುದ್ಧಿ ಬಂದವನಂತೆ ಎಲ್ಲ ಕ್ರಮವಾಗಿ ಮಾಡೋಣ ಎಂದು ಮೊಳೆಗಳನ್ನು ಗ್ಯಾಲಿ ಸಮೇತ ತಂದು ಹಾಸಿನ ಮೇಲಿಟ್ಟೆ. ಕೆಳಗಿನ ರಟ್ಟು ತೆಗೆಯಲು ಮರೆತೆ. ಸಿಲಿಂಡರ್ ಹತ್ತಲಾರದೆ ‘ಕರ್‌ರ್’ ಎಂದಿತು. ಅದು ನಿಜವಾಗಲೂ ಕರಡಿಯ ದನಿಯೇ. ಸೀಸ, ತವರ, ಆಂಟಿಮನಿ ಬೆರೆಸಿದ ಮೊಳೆ ನೋಡಲು ಗಟ್ಟಿ ಅಷ್ಟೇ, ಆ ಭಾರಕ್ಕೆ ಎಲ್ಲಿ ತಡೆಯುತ್ತದೆ? ಹೆಸರಿನ ಸಾಲು ಗಿಡ್ಡ, ಕೆಳಗಿನದು ಉದ್ದ. ಹಾಗಾಗಿ ಮೊದಲ ಏಟು ಬಿದ್ದದ್ದು ಉದ್ದ ಸಾಲಿನ ಮೊದಲ ಪದಕ್ಕೆ. ಕ, ರ, ಡು ಮೂರೂ ಮೂಗು ಚಪ್ಪಟೆಯಾಗಿ ಮಲಗಿದ್ದವು.

ರಟ್ಟು ತೆಗೆದೆ. ಕೇಸಿನಿಂದ ಮೂರು ಹೊಸ ಮೊಳೆ ಆರಿಸಿ ಚಿಮಟಿಗೆಯಲ್ಲಿ ಕೂರಿಸಿದೆ. ಕ ಕೂತಿತು. ರ ಕೂತಿತು. ಮೂರನೆಯದು ಸ್ವಲ್ಪ ಸಡಿಲ ಅನ್ನಿಸಿತು. ಡು ಖಾನೆಯಿಂದ ತೆಗೆದ ಮೊಳೆ ಡು ಜಾಗಕ್ಕೆ ಸಡಿಲ ಯಾಕಾಗಬೇಕು? ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ನಾನು ಒಂದು ತೆಳು ಸ್ಪೇಸ್, ಅಂದರೆ ಅಕ್ಷರವಿಲ್ಲದ ಸೀಸದ ಚೂರು, ಹುಡುಕಿ ಪಕ್ಕದಲ್ಲಿ ತುರುಕಿದೆ. ಅದು ಬಿಗಿಯಾಗಿ ಹೋದಾಗ ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ. ಮೂರೇ ಮೂರು ಅಕ್ಷರ, ನಿನ್ನೆ ತಾನೇ ಓದಿದ ಸಾಲು, ಅದಕ್ಕೆ ಮತ್ತೆ ಯಾರು ಕರಡು ತೆಗೆಯುತ್ತಾರೆ ಎಂದು ನೇರವಾಗಿ ಒಳ್ಳೇ ಕಾಗದವನ್ನೇ ಹಾಕಿದೆ. ಲೇಖಕರು ಹೀಗೆ ಮಾಡಿದಾಗೆಲ್ಲ ಫೋನಿನಲ್ಲಿ ಕೂಗಾಡುವವನು ನಾನೇ.

150 ಕಾರ್ಡು. ಒಂದೊಂದಕ್ಕೂ ಮಸಿ ಹಚ್ಚಬೇಕು, ಸಿಲಿಂಡರ್ ಉರುಳಿಸಬೇಕು, ಎತ್ತಿ ದೀಪಕ್ಕೆ ಹಿಡಿದು ನೋಡಬೇಕು. ನೋಡಿದೆ. ಮಸಿ ಸಮವಾಗಿದೆಯಾ ನೋಡಿದೆ. ಅಂಚು ನೇರ ಇದೆಯಾ ನೋಡಿದೆ. ಹಿಂಬದಿಗೆ ಬೆರಳಾಡಿಸಿ ಒತ್ತು ಹೆಚ್ಚಾಯಿತಾ ಎಂದೂ ನೋಡಿದೆ. 150 ಸಲ ಕಣ್ಣೆದುರು ಬಂದದ್ದನ್ನು ಒಂದು ಸಲವೂ ಓದಲಿಲ್ಲ.

ಒಣಗಲೆಂದು ಊಟದ ಟೇಬಲ್ಲಿನ ತುಂಬ ಹರಡಿದ್ದೆ. ಹೆಂಡತಿ ಬಂದು ಒಂದನ್ನು ಅಂಚು ಹಿಡಿದು ಎತ್ತಿಕೊಂಡಳು. ತುಟಿ ಸ್ವಲ್ಪ ಅಲುಗಿತು. ಇನ್ನೊಂದು ಎತ್ತಿಕೊಂಡಳು. ಮೂರನೆಯದಕ್ಕೆ ಮಗಳನ್ನು ಕರೆದಳು. ನಾನು ಇಣುಕಿದೆ. ನನ್ನ ಹೆಸರಿನ ಕೆಳಗೆ, ಮಿರಮಿರ ಮಿಂಚುವ ಕಪ್ಪು ಮಸಿಯಲ್ಲಿ, ‘ಕರಡಿ ತಿದ್ದಿಕೊಡಲಾಗುತ್ತದೆ’.

ಪೆನ್ನು ತಂದೆ. ಕೊಂಬು ಎಳೆಯುವುದೇನೋ ಸುಲಭ, ತಲೆಯ ಮೇಲಿನ ಗುಡಿಸನ್ನು ಎಲ್ಲಿ ಬಚ್ಚಿಡುವುದು? ಬ್ಲೇಡಿನಲ್ಲಿ ಕೆರೆದು ನೋಡಿದೆ. ಕಾಗದ ತೂತಾಯಿತು.

“ಕೆರೀಬೇಡಿ ಬಿಡಿ” ಎಂದಳು ಹೆಂಡತಿ, ಬ್ಲೇಡು ಕಿತ್ತುಕೊಂಡು. “ಅವತ್ತು ಫೋನಿನಲ್ಲಿ ನಾನು ಸರಿಯಾಗೇ ಕೇಳಿಸಿಕೊಂಡಿದ್ದೆ.”