ಹೆಂಟೆ ಎಬ್ಬಿಸುವವರ ಊರಲ್ಲಿ

ಹೋದ ಜೂನ್‌ನಲ್ಲಿ ಒಂದು ಸಂಜೆ ಇಲ್ಲಿ, ಟೆಕ್ಸಾಸ್‌ನ ಲಬಕ್ ಹತ್ತಿರ, ಅರ್ಧ ಗಂಟೆ ಜೋರು ಮಳೆ. ಮಿರ್ಚಿ ಕರಿದು ಪಕ್ಕದ ಹತ್ತಿ ಬೆಳೆಗಾರನಿಗೂ ಒಂದು ತಟ್ಟೆ ಕೊಟ್ಟು, ‘ಒಳ್ಳೆ ಮಳೆ ಅಲ್ವಾ’ ಎಂದೆ. ‘ಇನ್ನು ಗಾಳಿ ಬಿಟ್ಟರೆ ಮಣ್ಣು ಹಾರುತ್ತೆ’ ಅಂದ. ನಕ್ಕುಬಿಟ್ಟೆ. ಮಳೆ ಬಿದ್ದ ಹೊಲದಲ್ಲಿ ಧೂಳೇ? ‘ರೈತನ ಮಗ ಅಂದಿದ್ದೆ?’ ಎಂದು ಕೇಳಿದ. ಮಿರ್ಚಿಗಿಂತ ಖಾರವಾಗಿತ್ತು.

ಮರುದಿನ ಹೊಲಕ್ಕೆ ಕರೆದೊಯ್ದು ಕುಕ್ಕರಗಾಲಲ್ಲಿ ಕೂರಿಸಿದ. ಹನಿಯ ಏಟಿಗೆ ಮಣ್ಣಿನ ಹೆಂಟೆಯೆಲ್ಲ ಕರಗಿ ನೆಲ ಸಪಾಟಾಗಿತ್ತು. ಹಪ್ಪಳದಂಥ ಪದರ, ಮೇಲೆ ರವೆ ಚೆಲ್ಲಿದಂತೆ ಸಡಿಲ ಮರಳು. ಗಾಳಿಗೆ ಈ ಮರಳು ನೆಲದ ಮೇಲೇ ಕುಪ್ಪಳಿಸುತ್ತ ಓಡುತ್ತದೆ, ಬಿದ್ದಲ್ಲೆಲ್ಲ ಇನ್ನಷ್ಟು ಎಬ್ಬಿಸುತ್ತದೆ. ಹಿಂದಿನ ಗಾಳಿಗೆ ಸಿಕ್ಕಿದ್ದ ಎರಡೆಲೆಯ ಸಸಿಯೊಂದನ್ನು ಕಿತ್ತು ತೋರಿಸಿದ. ಕಾಂಡದ ಒಂದೇ ಮಗ್ಗುಲು ಉಪ್ಪುಕಾಗದ ಉಜ್ಜಿದಂತೆ ಸುಲಿದಿತ್ತು.

ಆಮೇಲೆ ಟ್ರ್ಯಾಕ್ಟರ್ ಹಿಂದೆ ಮುಳ್ಳಿನ ಉರುಳೆ ಕಟ್ಟಿ ಹೊರಟ. ಇದಕ್ಕೆ ಸ್ಯಾಂಡ್‌ಫೈಟರ್ ಅಂತಾರೆ. ಮುಳ್ಳು ಗರಗರ ತಿರುಗಿ, ಪದರ ಒಡೆದು, ಒಳಗಿನ ಹಸಿ ಮಣ್ಣನ್ನು ಹೆಂಟೆ ಹೆಂಟೆಯಾಗಿ ಮೇಲೆತ್ತುತ್ತದೆ. ಓಡುವ ಮರಳನ್ನು ಹಿಡಿಯುವುದು ಆ ಹೆಂಟೆಗಳೇ. ಬೇಗ ಹೋದರೆ ಕೆಸರು, ತಡವಾದರೆ ಬರೀ ಪುಡಿ. ಅದಕ್ಕೇ ಆ ರಾತ್ರಿ ಸುತ್ತಲ ಹೊಲಗಳಲ್ಲೆಲ್ಲ ಟ್ರ್ಯಾಕ್ಟರ್ ದೀಪ.

ಅಪ್ಪನಿಗೆ ಫೋನಲ್ಲಿ ಹೇಳಿದೆ. ‘ಹೆಂಟಿ ಎಬ್ಬಸಾಕ ಡೀಸೆಲ್ ಸುಡತಾರೇನು? ಹುಚ್ಚರದಾರ’ ಎಂದರು. ಗದಗದ ಕಡೆ ನಮ್ಮದು ಪೂರ್ತಿ ಉಲ್ಟಾ. ಹರಗಬೇಕು, ಕೊರಡು ಹೊಡೆಯಬೇಕು, ಹೊಲ ಅಂಗೈ ಹಾಗೆ ಕಾಣಬೇಕು. ಹೆಂಟೆ ಉಳಿದರೆ ದಾರಿಹೋಕರೂ ಆಡಿಕೊಳ್ಳುತ್ತಾರೆ. ಆಷಾಢದ ಗಾಳಿಗೆ ನಮ್ಮ ಮಸಾರಿ, ಅಂದರೆ ಕೆಂಪು ನೆಲದ, ಹೊಲದ ಮಣ್ಣು ಬದು ದಾಟಿ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗಾಳಿಪಟಕ್ಕೆ ಒಳ್ಳೆ ಗಾಳಿ ಅಂದುಕೊಂಡೆವು, ಅಷ್ಟೇ. ಮೋಡ ನೋಡುತ್ತ ಕೂರುವ ನಮ್ಮವರು ಗಾಳಿ ನೋಡೋದು ಯಾವಾಗ?

ಅಪ್ಪನದು ಪೂರ್ತಿ ತಪ್ಪಲ್ಲ ಬಿಡಿ. ನಮ್ಮ ಕಡೆ ಜಾಸ್ತಿ ಎರೆ, ಕಪ್ಪು ಮಣ್ಣು. ಹರಗಿದರೇ ಬಿರುಕು ಮುಚ್ಚಿ ಹಸಿ ಉಳಿಯುವುದು, ಆ ಹಸಿಯ ಮೇಲೇ ಹಿಂಗಾರಿ ಜೋಳ ನಿಲ್ಲುವುದು. ಇಲ್ಲಿನವರೂ ಹುಟ್ಟಾ ಜಾಣರೇನಲ್ಲ. ಹುಲ್ಲುಗಾವಲನ್ನೆಲ್ಲ ಉತ್ತು ಹಾಳುಮಾಡಿಕೊಂಡರು. 1935ರ ಏಪ್ರಿಲ್ 14ರಂದು ಹಗಲನ್ನೇ ಕತ್ತಲಾಗಿಸಿದ ಧೂಳು ಬಂತು. ಮಣ್ಣು ಉಳಿಸುವ ಕಾನೂನು ಬಂದದ್ದು ಅದೇ ತಿಂಗಳ ಕೊನೆಗೆ. ಈ ಉರುಳೆಯನ್ನೂ ಮಳೆ ಬಂದಾಗಲೆಲ್ಲ ಮತ್ತೆ ಹೊಡೆಯಬೇಕು. ರೈ ಎಂಬ ಧಾನ್ಯ ಬಿತ್ತಿ, ಅದರ ಕೂಳೆ ನಡುವೆ ಹತ್ತಿ ಹಾಕಿದರೆ ಈ ಓಡಾಟವೇ ಕಮ್ಮಿ. ಅದು ಪಕ್ಕದ ಬೆಳೆಗಾರನಿಗೂ ಗೊತ್ತು. ಮತ್ಯಾಕೆ ಹಾಕಲ್ಲ ಅಂದೆ.

‘ಹೊಲ ಗಲೀಜಾಗಿ ಕಾಣುತ್ತೆ, ಅಪ್ಪ ಬೈತಾರೆ’ ಅಂದ.