ನಿಂತುಹೋದ ಬೇಟೆಯನ್ನು ಮತ್ತೆ ಆಡಿಸಿದ್ದು ಸರಿಯೇ? ‘ಮ್ಯಾನ್ ಆಫ್ ಆರನ್’ ಪರ-ವಿರೋಧ

ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಲ್ಲಿ ಆರನ್ ಎಂಬ ಮೂರು ಕಲ್ಲುದ್ವೀಪಗಳಿವೆ. ಟಾಕಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅಲ್ಲಿ ಬೀಡುಬಿಟ್ಟು ತೆಗೆದ ಸಾಕ್ಷ್ಯಚಿತ್ರ ‘ಮ್ಯಾನ್ ಆಫ್ ಆರನ್’ 1934ರಲ್ಲಿ ತೆರೆಕಂಡಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ವಿದೇಶಿ ಚಿತ್ರವೆನಿಸಿತು. ಅದರಲ್ಲಿ ದ್ವೀಪದ ಗಂಡಸರು ಬಾಸ್ಕಿಂಗ್ ಶಾರ್ಕ್ ಎಂಬ ದೈತ್ಯ ಮೀನನ್ನು ಹಾರ್ಪೂನ್ ಎಂಬ ಹಗ್ಗ ಕಟ್ಟಿದ ಈಟಿ ಎಸೆದು ಹಿಡಿಯುತ್ತಾರೆ. ನಿಜದಲ್ಲಿ ಆ ಬೇಟೆ ಅಲ್ಲಿ ಅಜ್ಜಂದಿರ ಕಾಲಕ್ಕೇ ನಿಂತುಹೋಗಿತ್ತು.

ಪರ

ಮೊದಲು ಮಣ್ಣಿನ ದೃಶ್ಯ ನೋಡಬೇಕು. ಗಂಡಸು ಬಂಡೆ ಒಡೆಯುತ್ತಾನೆ. ಹೆಂಗಸು ನೆನೆದ ಕಡಲಪಾಚಿಯನ್ನು ಬೆನ್ನ ಮೇಲೆ ಹೊತ್ತು ತರುತ್ತಾಳೆ. ಕಲ್ಲಿನ ಬಿರುಕಿಗೆ ತೋಳಿಳಿಸಿ ಹಿಡಿ ಹಿಡಿಯಾಗಿ ಮಣ್ಣೆತ್ತಿ, ಪಾಚಿಯ ಮೇಲೆ ಹರಡಿ, ಆಲೂಗಡ್ಡೆಗೆ ಪಾತಿ ಮಾಡುತ್ತಾರೆ. ನೆಲವನ್ನೇ ಕೈಯಾರೆ ಹುಟ್ಟಿಸಿಕೊಂಡ ಜನ ಇವರು. ತಾಯಿಯಾಗಿ ಕಾಣಿಸಿಕೊಂಡ ದ್ವೀಪದ ಹೆಂಗಸು ಮ್ಯಾಗಿ ದಿರಾನ್ ಬೆನ್ನ ಮೇಲಿನ ಹೊರೆಯ ಭಾರ ನಟನೆಯಲ್ಲ.

ಬೇಟೆಯೂ ಕಟ್ಟುಕಥೆಯಲ್ಲ. ಶಾರ್ಕಿನ ಪಿತ್ತಜನಕಾಂಗದ ಎಣ್ಣೆಯಿಂದ ಒಂದು ಕಾಲಕ್ಕೆ ಅಲ್ಲಿನ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಹಿರಿಯರ ನೆನಪಿನಲ್ಲಷ್ಟೇ ಉಳಿದಿದ್ದ ಕಸುಬನ್ನು ಮೊಮ್ಮಕ್ಕಳ ಕೈಗೆ ಕೊಟ್ಟು ಚಿತ್ರೀಕರಿಸದಿದ್ದರೆ ಅದು ಪೂರ್ತಿ ಅಳಿದುಹೋಗುತ್ತಿತ್ತು. ಕಳೆದುಹೋದದ್ದನ್ನು ಕ್ಯಾಮೆರಾ ಮುಂದೆ ನಿಲ್ಲಿಸಲು ಮತ್ತೆ ಆಡಿಸುವುದಲ್ಲದೆ ಬೇರೆ ದಾರಿ ಎಲ್ಲಿದೆ?

ಶಬ್ದವನ್ನು ಬಳಸಿದ ರೀತಿಯೂ ನನಗೆ ಪ್ರಿಯ. ಆ ದಿನಗಳ ಟಾಕಿಗಳು ಮಾತಿನ ಮೇಲೆ ಮಾತು ಸುರಿಯುತ್ತಿದ್ದವು. ಇಲ್ಲಿ ಮಾತು ಅಲೆಯ ಅಬ್ಬರದೊಳಗೆ ಅರ್ಧ ಮುಳುಗಿ ಕೇಳುತ್ತದೆ. ಬಿರುಗಾಳಿಯಲ್ಲಿ ದೋಣಿ ದಡ ಸೇರದೆ ಹೊಯ್ದಾಡುವಾಗ ದಡದಲ್ಲಿ ಓಡುವ ಮ್ಯಾಗಿಯ ಕೂಗನ್ನು ಗಾಳಿ ಹೊತ್ತೊಯ್ಯುತ್ತದೆ. ಎಷ್ಟು ಸಲ ನೋಡಿದರೂ ಎದೆ ಹಿಡಿದುಕೊಳ್ಳುವ ದೃಶ್ಯ ಅದು.

ವಿರೋಧ

ಎದೆ ಹಿಡಿದುಕೊಳ್ಳುವುದು ನಿಜ. ಆದರೆ ಆ ದೋಣಿಯಲ್ಲಿದ್ದವರು ಯಾರು? ಮರದ ಚೌಕಟ್ಟಿಗೆ ಟಾರು ಬಳಿದ ಕ್ಯಾನ್ವಾಸ್ ಹೊದಿಸಿದ ಹಗುರ ದೋಣಿ, ಅದರಲ್ಲಿ ಈಜು ಬಾರದ ದ್ವೀಪವಾಸಿಗಳು. ಒಂದು ಪೀಪಾಯಿ ಬಿಯರ್ ಮತ್ತು ತಲಾ 5 ಪೌಂಡ್‌ಗಾಗಿ ಆ ಜನರನ್ನು ಅಂಥ ಅಪಾಯಕ್ಕೆ ಒಡ್ಡಿದ್ದಕ್ಕೆ ತನಗೆ ಗುಂಡಿಕ್ಕಬೇಕಿತ್ತು ಎಂದು ಫ್ಲಾಹರ್ಟಿಯೇ ಮುಂದೆ ಹೇಳಿಕೊಂಡ. ಅವರ ಬಡತನ ಬಲ್ಲವನು ಅವರ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎಂದು ಎಣಿಸಬಾರದಿತ್ತು.

ತೆರೆಯ ಮೇಲಿನ ಅಪ್ಪ, ಅಮ್ಮ, ಮಗ ಒಂದು ಮನೆಯವರಲ್ಲ. ಮುಖಲಕ್ಷಣ ನೋಡಿ ಆರಿಸಿ ಜೋಡಿಸಿದ ಸಂಸಾರ. ಇದನ್ನಾದರೂ ಕ್ಷಮಿಸಬಹುದು. ಆ ಬಡತನ ಎಲ್ಲಿಂದ ಬಂತು ಎಂಬುದನ್ನು ಮುಚ್ಚಿಟ್ಟದ್ದನ್ನು ಕ್ಷಮಿಸಲಾರೆ. ಚಿತ್ರದ ಪ್ರಕಾರ ಆರನ್‌ನವರ ಶತ್ರು ಕಡಲೊಂದೇ. 19ನೇ ಶತಮಾನದ ಗೇಣಿ, ಒಕ್ಕಲೆಬ್ಬಿಸಿದ ಜಮೀನ್ದಾರರು, ಅಮೆರಿಕಕ್ಕೆ ಹಡಗು ಹತ್ತಿದ ಮಕ್ಕಳು ಎಲ್ಲೂ ಕಾಣುವುದಿಲ್ಲ. ಬಿಟ್ಟುಹೋದ ಬೇಟೆಯನ್ನು ಇಂದಿನ ಬದುಕೆಂಬಂತೆ ತೋರಿಸಿದಾಗ ಆ ಜನ ಕಾಲದಾಚೆಯ ಜೀವಿಗಳಾಗುತ್ತಾರೆ, ಚರಿತ್ರೆ ಇಲ್ಲದವರಾಗುತ್ತಾರೆ. ಇದು ಹಳೆಯ ಬೇಟೆ ಎಂಬ ಒಂದು ಸಾಲು ತೆರೆಯ ಮೇಲೆ ಬಂದಿದ್ದರೆ ದೃಶ್ಯದ ಬಲ ಕುಗ್ಗುತ್ತಿತ್ತೇ? ಕುಗ್ಗುತ್ತಿರಲಿಲ್ಲ.

ಮಾತು ಅಲೆಯಲ್ಲಿ ಮುಳುಗಿದ್ದನ್ನು ಪರವಾದಿಗಳು ಕಲೆ ಎನ್ನುತ್ತಾರೆ. ಆರನ್‌ನವರ ತಾಯ್ನುಡಿ ಐರಿಷ್. ಚಿತ್ರಕ್ಕೆ ಧ್ವನಿ ಕೂಡಿಸಲು ಅವರನ್ನು ಲಂಡನ್ನಿಗೆ ಕರೆಸಿಕೊಂಡಾಗ ಬಾಯಿಗೆ ಬಂದದ್ದು ಬಹುಪಾಲು ಇಂಗ್ಲಿಷ್. ವಿಚಿತ್ರವೆಂದರೆ, ಅದೇ ಲಂಡನ್ ಭೇಟಿಯಲ್ಲಿ ಫ್ಲಾಹರ್ಟಿ ಅದೇ ಜನರನ್ನು ಒಲೆಯ ಸುತ್ತ ಕೂರಿಸಿ, ಹಿರಿಯ ಕಥೆಗಾರನೊಬ್ಬನಿಂದ ಐರಿಷ್‌ನಲ್ಲಿ ಕಥೆ ಹೇಳಿಸಿ ‘ಈಹ ಹ್ಯಾನಖಶ್’ ಎಂಬ ಕಿರುಚಿತ್ರವನ್ನೂ ತೆಗೆದ. ಐರಿಷ್ ಭಾಷೆಯ ಮೊದಲ ಟಾಕಿ ಅದು. ಪ್ರಶಸ್ತಿ ಗೆದ್ದ ಚಿತ್ರ ಲೋಕವನ್ನೆಲ್ಲ ಸುತ್ತಿತು. ಆ ಜನ ತಮ್ಮ ನುಡಿಯಲ್ಲಿ ಮಾತಾಡಿದ ಚಿತ್ರ ಮಾತ್ರ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದರ ಪ್ರತಿ ಸಿಕ್ಕಿತು.