ಐದೂವರೆ ತಾಸಿನ ತಪ್ಪಿಗೆ ಸೆಲ್ ಬದಲಿ ಮಾಡಬ್ಯಾಡ್ರಪಾ!

ಗದಗ-ಬೆಟಗೇರಿಯ ಒಂದು ಫೋಟೋ ಸ್ಟುಡಿಯೋದಾಗ ಇವತ್ತ ಕಂಡ ತಮಾಷೆ. ಲಗ್ನದ ಆಲ್ಬಮ್ ಜೋಡಸಾಕ ಕುಂತಾರ. ಎರಡು ಕ್ಯಾಮೆರಾ. ಒಂದರ ಕಾರ್ಡ್ ವಿಂಡೋಸ್‌ನ್ಯಾಗ ಕಾಪಿ ಆಗೇತಿ, ಇನ್ನೊಂದರದ್ದು ಉಬುಂಟು ಅನ್ನೂ ಲಿನಕ್ಸ್‌ನ್ಯಾಗ. ಫೈಲ್ ಟೈಮ್ ಪ್ರಕಾರ ಸಾಲಿಗೆ ಹಚ್ಚಿದ್ರ, ಮಂದಿ ಮಾದ್ಲಿ ಉಂಡು ಕೈ ತೊಳಕೊಂಡ ಮ್ಯಾಲೆ ಅಕ್ಕಿಕಾಳು ಬೀಳಾಕತ್ತಾವು! 12:20ರ ಅಕ್ಕಿಕಾಳು 17:50ಕ್ಕ. ರಿಪೇರಿಯಾಂವ ಕೊಟ್ಟ ಔಷಧ ಏನಂದ್ರ, ಮದರ್‌ಬೋರ್ಡಿನ ಗಡಿಯಾರ ನಡಸೂ ಸಿಆರ್2032 ಸೆಲ್ ಬದಲಿ. ಬದಲಿ ಆತು, ರೊಕ್ಕ ಹೋತು. ಅಕ್ಕಿಕಾಳು ಮಾತ್ರ ಇನ್ನೂ 17:50ಕ್ಕನ ಬೀಳತಾವು.

ಅಲ್ರೀ, ಸೆಲ್ ಸತ್ತ ಗಡಿಯಾರ ಎಂದರ ಲೆಕ್ಕ ಹಾಕಿ ಸರಿಯಾಗಿ ಐದೂವರೆ ತಾಸು ಮುಂದ ಓಡತೈತೇನು? ಅದು ಓಡಿದ್ರ ಹಳೇ ಇಸವಿಗೆ ಓಡತೈತಿ. 5:30 ಕಂಡ್ರ ಅದು ಟೈಮ್ ಝೋನ್ ತಕರಾರು. ಫೋಟೋದ ಎಕ್ಸಿಫ್ (ಕ್ಯಾಮೆರಾ ಫೋಟೋದೊಳಗನ ಬರದಿಡೂ ಮಾಹಿತಿ) ಒಳಗಿನ ಟೈಮ್ ನೋಡ್ರಿ, ಆಮ್ಯಾಲೆ ಟರ್ಮಿನಲ್‌ನ್ಯಾಗ ಸ್ಟ್ಯಾಟ್ ಕಮಾಂಡ್ ಹೊಡದು ಫೈಲಿನ ಟೈಮ್ ನೋಡ್ರಿ. ನಡುವಿನ ಅಂತರ 330 ನಿಮಿಷ ಇದ್ರ ಸ್ಕ್ರೂಡ್ರೈವರ್ ಕೆಳಗ ಇಡ್ರಿ.

ಕಾರಣ ಇಷ್ಟ. ಕಾರ್ಡಿನ್ಯಾಗ ಫೈಲ್ ಜೋಡಿಸಿಡೂ ಪದ್ಧತಿ ಫ್ಯಾಟ್32, ಅದಕ್ಕ ಟೈಮ್ ಝೋನ್ ಅಂದ್ರ ಗೊತ್ತಿಲ್ಲ. ಕ್ಯಾಮೆರಾದ ಗಡಿಯಾರದಾಗ ಏನೈತೋ ಅದನ್ನ ಹಂಗ ಬರದು ಬಿಡತೈತಿ. ವಿಂಡೋಸ್ ಅದನ್ನ ಇಲ್ಲಿಯ ಟೈಮ್ ಅಂತ ಓದತೈತಿ. ಲಿನಕ್ಸ್‌ನ್ಯಾಗ ಮದರ್‌ಬೋರ್ಡಿನ ಗಡಿಯಾರ ಯುಟಿಸಿಗೆ (ಜಗತ್ತಿನ ಮೂಲ ಟೈಮ್, ನಮಗಿಂತ ಐದೂವರೆ ತಾಸು ಹಿಂದ) ಇದ್ದಾಗ, ಸಿಸ್ಟಮ್ ಶುರು ಮಾಡೂ ಸಿಸ್ಟಮ್‌ಡಿ ಬೇಕಂತನ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಟೈಮ್ ಝೋನ್ ಹೇಳೂದಿಲ್ಲ. ಹಿಂಗಾಗಿ ಕರ್ನಲ್ ಆ 12:20ನ್ನ ಯುಟಿಸಿ ಅಂತ ತಿಳಕೊಂತೈತಿ, ತೋರಿಸುವಾಗ ಐದೂವರೆ ತಾಸು ಕೂಡಿಸ್ತೈತಿ. "ಸೆಟ್ಟಿಂಗ್ಸ್‌ನ್ಯಾಗ ಏಷ್ಯಾ/ಕೋಲ್ಕತಾ ಐತಲ್ರೀ" ಅಂತೀರಿ. ಅದು ತೋರಿಸೂದಕ್ಕ ಅಷ್ಟ. ಕಾರ್ಡ್ ಓದೂ ಕರ್ನಲ್ ಅದರ ಕಡೆ ತಿರುಗಿನೂ ನೋಡೂದಿಲ್ಲ.

ಮದ್ದು ಒಂದ ಸಾಲು. ಕಾರ್ಡ್ ಮೊದಲ ಅನ್‌ಮೌಂಟ್ ಮಾಡ್ರಿ, ಅಂದ್ರ ಸಿಸ್ಟಮ್‌ನಿಂದ ಬಿಡಸ್ರಿ. ಯಾವ ಡ್ರೈವ್ ಎಲ್ಲಿ ಹ್ಯಾಂಗ ಜೋಡಸಬೇಕು ಅಂತ ಬರದಿಡೂ ಎಫ್‌ಎಸ್‌ಟ್ಯಾಬ್ ಫೈಲ್‌ನ್ಯಾಗ ಕಾರ್ಡಿನ ಯುಯುಐಡಿ (ಕಾರ್ಡಿನ ಗುರುತಿನ ನಂಬರ್), ಮೌಂಟ್ ಮಾಡೂ ಫೋಲ್ಡರ್, ವಿಫ್ಯಾಟ್ (ಫ್ಯಾಟ್‌ಗೆ ಲಿನಕ್ಸಿನ ಹೆಸರು), ಆಮ್ಯಾಲೆ ಆಪ್ಶನ್ ಜಾಗದಾಗ ನೋಆಟೋ,ಯೂಸರ್,ಯುಟಿಎಫ್8,ಟೈಮ್_ಆಫ್‌ಸೆಟ್=330. ಕಾಮಾ ನಡುವ ಸ್ಪೇಸ್ ಬಿಡಬ್ಯಾಡ್ರಿ. ಮೌಂಟ್ ಆದ ಮ್ಯಾಲೆ ಫೈಂಡ್‌ಮೌಂಟ್ ಕಮಾಂಡ್ ಹೊಡದ್ರ ಆ 330 ಕಣ್ಣಿಗೆ ಕಾಣಬೇಕು. ಕಾಣಲಿಲ್ಲ ಅಂದ್ರ ಹತ್ತಿಲ್ಲ. ಕ್ಯಾಮೆರಾದಾಗ ಫಾರ್ಮ್ಯಾಟ್ ಮಾಡಿದ್ರ ಯುಯುಐಡಿ ಬದಲಿ ಆಗಬಹುದು, "ನಿನ್ನೆ ನಡೀತಿತ್ತು" ಅನ್ನೂ ಅಳು ಶುರುವಾಗೂದು ಅಲ್ಲೇ. ಪುಣ್ಯಕ್ಕ ನಮ್ಮ ದೇಶದಾಗ ಬ್ಯಾಸಗಿಗೆ ಗಡಿಯಾರ ಮುಂದ ತಿರುವೂ ಪದ್ಧತಿ ಇಲ್ಲ, 330 ವರ್ಷಪೂರ್ತಿ 330.

ಇನ್ನ ಶ್ಯಾಣ್ಯಾರು ಬರತಾರ: "ಕಾರ್ಡ್ ಲಿನಕ್ಸಿನ ಎಕ್ಸ್‌ಟಿ4 ಪದ್ಧತಿಗೆ ಮಾಡಿ ಬಿಡ್ರಿ, ಅದರಾಗ ಎಲ್ಲಾ ಯುಟಿಸಿ." ಹೌದ್ರೀ, ಕ್ಯಾಮೆರಾಕ್ಕ ನೀವ ಹೇಳ್ರಿ, ಓದತೈತೇನು ನೋಡೋಣು. "ಗಡಿಯಾರನ ಲೋಕಲ್ ಟೈಮ್‌ಗೆ ಹಾಕ್ರಿ" ಅನ್ನಾವರಿಗೆ: ಹಂಗ ಮಾಡಿ, ಗಡಿಯಾರದ ಸ್ಥಿತಿ ಹೇಳೂ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಹೊಡದ್ರ ಅದ ತಾನ ಎಚ್ಚರಿಕೆ ಬರದು ತೋರಿಸ್ತೈತಿ, ಓದ್ರಿ. 32 ಜಿಬಿ ದಾಟಿದ ಕಾರ್ಡ್ ಫ್ಯಾಟ್32 ಅಲ್ಲ, ಎಕ್ಸ್‌ಫ್ಯಾಟ್ ಇರತಾವು. ಅದರಾಗ ಝೋನ್ ಬರಿಯೂ ಜಾಗ ಐತಿ, ಕ್ಯಾಮೆರಾ ಅಲ್ಲಿ ಝೋನ್ ಬರದಿಟ್ಟಿದ್ರ ಲಿನಕ್ಸ್ ಸರಿ ಓದತೈತಿ. ಕ್ಯಾಮೆರಾ ಅದನ್ನ ಖಾಲಿ ಬಿಟ್ರ ಮತ್ತ ಅದ ರಾಗ.

ಫೋಟೋ ಹಿಂದ ಮುಂದ ಆದ್ರ ನಗಬಹುದು. ಲೆಕ್ಕದ ಫೈಲ್ ಆದ್ರ ನಗೂ ಮಾತಲ್ಲ. ಪೆನ್ ಡ್ರೈವ್ ಮ್ಯಾಲೆ ವಿಂಡೋಸ್‌ನ್ಯಾಗ ಮುಂಜಾನೆ 11ಕ್ಕ ತಿದ್ದಿದ ಫೈಲ್ ಲಿನಕ್ಸಿಗೆ 16:30ರದ್ದಾಗಿ ಕಾಣತೈತಿ. ನೀವು ಕಂಪ್ಯೂಟರ್‌ನ್ಯಾಗ ಅದ ಫೈಲ್ 14:00ಕ್ಕ ಕುಂತು ತಿದ್ದಿದ್ದು ಐತಿ. ಫೈಲ್ ಕಾಪಿ ಮಾಡೂ ಆರ್‌ಸಿಂಕ್‌ಗೆ ಹೈಫನ್ ಯು (ಇಲ್ಲಿದ್ದದ್ದು ಹೊಸದಿದ್ರ ಮುಟ್ಟಬ್ಯಾಡ ಅನ್ನೂ ಆಪ್ಶನ್) ಕೊಟ್ಟು ಪೆನ್ ಡ್ರೈವ್‌ನಿಂದ ತಂದ್ರೋ, ಹಳೇದು "ಹೊಸದು" ಆಗಿ ನಿಮ್ಮ ದುಡಿಮೆ ಮ್ಯಾಲೆ ಕುಂತತಿ. ಒಂದ ಮಾತೂ ಕೇಳೂದಿಲ್ಲ. ಇನ್ನೊಂದು, ಫ್ಯಾಟ್ ಎರಡೆರಡು ಸೆಕೆಂಡಿಗೆ ಒಮ್ಮೆ ಎಣಸತೈತಿ, ಬೆಸ ಸೆಕೆಂಡ್ ಅದರ ಪುಸ್ತಕದಾಗ ಇಲ್ಲ. ಆರ್‌ಸಿಂಕ್‌ಗೆ ಮಾಡಿಫೈ-ವಿಂಡೋ=1 (ಒಂದು ಸೆಕೆಂಡಿನ ಅಂತರ ಲೆಕ್ಕಕ್ಕ ಹಿಡೀಬ್ಯಾಡ ಅನ್ನೂ ಆಪ್ಶನ್) ಕೊಡದಿದ್ರ, ಪೆನ್ ಡ್ರೈವ್‌ಗೆ ತುಂಬುವಾಗ ಬೆಸ ಸೆಕೆಂಡಿನ ಫೈಲ್ ಬದಲಾಗದಿದ್ರೂ ದಿನಾ ಕಾಪಿ ಆಗತಾವು.

ಒಂದು ಸಂಕಟ ಒಪ್ಪಿಕೊಳ್ಳತೀನಿ. ಅದ ಪೆನ್ ಡ್ರೈವ್‌ನ್ಯಾಗ ಹಿಂದ ಲಿನಕ್ಸಿನಿಂದ ಬರದ ಫೈಲ್ ಇದ್ರ, 330 ಹಾಕಿದ ಮ್ಯಾಲೆ ಅವು ಐದೂವರೆ ತಾಸು ಹಿಂದ ಬೀಳತಾವು. ಎರಡೂ ಕೈ ಆಡಿದ ಡ್ರೈವ್‌ಗೆ ಒಂದ ಅಂಕಿ ಹೊಂದೂದಿಲ್ಲ, ಬ್ಯಾರೆ ಬ್ಯಾರೆ ಮಾಡಿಕೊಂಡ ತಿದ್ದಬೇಕು.

ಈಗಾಗಲೇ ಕಾಪಿ ಆದ ಫೋಟೋಗಳಿಗೆ ಎಕ್ಸಿಫ್‌ಟೂಲ್ ಛಲೋ. ಎಕ್ಸಿಫ್ ಒಳಗಿನ ಟೈಮ್ ತಗದು ಫೈಲಿಗೆ ಹಚ್ಚತೈತಿ, ನೂರು ಸಲ ಓಡಿಸಿದ್ರೂ ಫಲಿತಾಂಶ ಒಂದ. ಬಾಕಿ ಫೈಲಿಗೆ ಟೈಮ್ ತಿದ್ದೂ ಟಚ್ ಕಮಾಂಡ್: ಹೈಫನ್ ಆರ್ ಜೋಡಿ ಅದ ಫೈಲಿನ ಹೆಸರು, ಹೈಫನ್ ಡಿ ಜೋಡಿ ಮೈನಸ್ 330 ಮಿನಿಟ್ಸ್, ಕಡೀಗೆ ಮತ್ತ ಫೈಲಿನ ಹೆಸರು. ಒಂದು ಫೈಲ್ ಮ್ಯಾಲೆ ಮಾಡಿ ನೋಡಿ ಆಮ್ಯಾಲೆ ಉಳಿದಾವಕ್ಕ ಹೋಗ್ರಿ. ಅಪ್ ಆ್ಯರೋ ಒತ್ತಿ ಇನ್ನೊಮ್ಮೆ ಎಂಟರ್ ಹೊಡದಾವರೊಳಗ ನಾನೂ ಒಬ್ಬಾಂವ. ಟಚ್ ಕೇಳೂದಿಲ್ಲ, ಮತ್ತ 330 ಕಳೀತೈತಿ. ಹಂಗಾದ್ರ ಅಕ್ಕಿಕಾಳು ಮುಂಜಾನೆ 6:50ಕ್ಕ, ಮದಮಗ ಎದ್ದು ಮಾರಿ ತೊಳಕೊಳ್ಳೂದ್ರಾಗ ಲಗ್ನ ಮುಗದಿರತೈತಿ.